ಹಳೆಯ ಕಾರು, ಹೊಸ ಬಣ್ಣ: ಮಾರಾಟವಾಗುವುದು ಯಾವುದು?

(ಹಳೆಯ ಮೋಟಾರು ವಾಹನಗಳನ್ನು ಕುರಿತ ಉಪನ್ಯಾಸದ ಬರಹ ರೂಪ)



ಕಾರು ಮಾರಾಟಕ್ಕಿದೆ ಎಂಬ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ಸಂಗತಿ. ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಕೈ ಬದಲಾಗಿದೆ, ಬೆಲೆ ಎಷ್ಟು. ವಯಸ್ಸು ಏರಿದಂತೆ ಬೆಲೆ ಇಳಿಯುತ್ತದೆ. ಕೊನೆಗೊಂದು ದಿನ ಗುಜರಿ ಅಂಗಡಿಯವನು ಬಂದು ತೂಕದ ಲೆಕ್ಕದಲ್ಲಿ ಕೇಳುತ್ತಾನೆ. ಆದರೆ ಯುರೋಪಿನ ಹರಾಜು ಕಟ್ಟೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಇನ್ನೊಂದು ಬಗೆಯ ಕಾರಿನ ವಿವರವೇ ಬೇರೆ. 'ಲಾನ್ಸಿಯಾ ಆರೇಲಿಯಾ ಬಿ20 ಜಿಟಿ, ಇಟಲಿ, 1950ರ ದಶಕ, ಸಂಪೂರ್ಣ ಜೀರ್ಣೋದ್ಧಾರಗೊಂಡದ್ದು' ಎಂದು ಅದರಲ್ಲಿರುತ್ತದೆ. ಅದರ ಹಿಂದೆ ಹತ್ತಾರು ಪುಟಗಳ ಕಡತ, ಹಳೆಯ ರಸೀದಿಗಳು, ಬಿಚ್ಚಿಟ್ಟ ಎಂಜಿನ್ನಿನ ಫೋಟೋಗಳು. ಇಂಥ ಕಾರುಗಳು ಒಂದು ಲಕ್ಷ ಯೂರೊ ದಾಟಿದ ಬೆಲೆಗೆ ಮಾರಾಟವಾದದ್ದುಂಟು.

ಇಲ್ಲಿ ಕೇಳಬೇಕಾದ ಪ್ರಶ್ನೆ ಸರಳವಾದದ್ದು. ಬಣ್ಣ ಹೊಸದು, ಸೀಟಿನ ಹೊದಿಕೆ ಹೊಸದು, ಕ್ರೋಮಿಯಂ ಲೇಪ ಹೊಸದು, ಟೈರು ಹೊಸದು, ನೆಲದ ತಗಡೂ ಹೊಸದು. ಹಾಗಾದರೆ ಗಿರಾಕಿ ಹಳೆಯದೆಂದು ಕೊಂಡುಕೊಳ್ಳುತ್ತಿರುವುದು ಯಾವುದನ್ನು? ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಆ ಕಾರಿನ ಕಥೆ ತಿಳಿದಿರಬೇಕು.

ರಸ್ತೆಯ ಹೆಸರಿನ ಕಾರು

'ಜಿಟಿ' ಎಂಬ ಎರಡಕ್ಷರ ಇಂದು ಎಷ್ಟೋ ಕಾರುಗಳ ಬೆನ್ನ ಮೇಲೆ ಬರಿಯ ಅಲಂಕಾರವಾಗಿ ಅಂಟಿಕೊಂಡಿದೆ. ಅದರ ಪೂರ್ಣ ರೂಪ 'ಗ್ರಾನ್ ತುರಿಸ್ಮೊ', ಅಂದರೆ ದೊಡ್ಡ ಪ್ರವಾಸ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತ ಮನೆತನಗಳ ಯುವಕರು ಓದು ಮುಗಿದ ಮೇಲೆ ಫ್ರಾನ್ಸ್ ದಾಟಿ, ಆಲ್ಪ್ಸ್ ಪರ್ವತ ಹತ್ತಿ ಇಳಿದು, ಇಟಲಿಯ ಹಳೆಯ ನಗರಗಳನ್ನು ನೋಡಿ ಬರುವ ರೂಢಿಯಿತ್ತು. ಅದಕ್ಕೆ 'ಗ್ರಾಂಡ್ ಟೂರ್' ಎಂದು ಹೆಸರು. ಕುದುರೆ ಗಾಡಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಆ ಪ್ರಯಾಣದ ನೆನಪನ್ನು ಇಪ್ಪತ್ತನೆಯ ಶತಮಾನದ ಇಟಲಿ ತನ್ನ ಕಾರುಗಳಿಗೆ ಹೊದಿಸಿತು. ಇಬ್ಬರು ಆರಾಮವಾಗಿ ಕುಳಿತು, ಹಿಂದೆ ಪೆಟ್ಟಿಗೆಗಳನ್ನಿಟ್ಟುಕೊಂಡು, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವೇಗವಾಗಿ, ದಣಿವಿಲ್ಲದೆ ಹೋಗಬಲ್ಲ ಮುಚ್ಚಿದ ಕಾರು ಎಂಬುದು ಜಿಟಿಯ ಮೂಲ ಅರ್ಥ. ಹೆಸರು 1951ಕ್ಕೆ ಹೊಸದಲ್ಲ, 1920ರ ದಶಕದ ಕೊನೆಯಲ್ಲೇ ಆಲ್ಫಾ ರೋಮಿಯೊ ಅದನ್ನು ಬಳಸಿತ್ತು. ಆದರೆ ಆ ಹೆಸರು ಸೂಚಿಸುವ ಗುಣಗಳೆಲ್ಲ ಒಂದೇ ಕಡೆ ಕೂಡಿಬಂದ ಮಾದರಿಯೆಂದು ವಾಹನ ಇತಿಹಾಸಕಾರರು ಬೆರಳು ಮಾಡಿ ತೋರಿಸುವುದು ಹೆಚ್ಚಾಗಿ ಆರೇಲಿಯಾ ಬಿ20ಯನ್ನು.

ಆರೇಲಿಯಾ ಎಂಬುದು ರೋಮಿನಿಂದ ಸಮುದ್ರ ತೀರ ಹಿಡಿದು ವಾಯವ್ಯಕ್ಕೆ ಸಾಗುವ ಪ್ರಾಚೀನ ರಸ್ತೆಯ ಹೆಸರು. ಲಾನ್ಸಿಯಾ ಕಂಪನಿ ತನ್ನ ಇನ್ನಿತರ ಕಾರುಗಳಿಗೂ ಆಪ್ಪಿಯಾ, ಫ್ಲಮಿನಿಯಾ ಎಂದು ರೋಮನ್ ರಸ್ತೆಗಳ ಹೆಸರನ್ನೇ ಇಟ್ಟಿತು.

ಕಂಪನಿಯ ಊರು ಇಟಲಿಯ ಉತ್ತರದ ಟ್ಯೂರಿನ್. ಈ ಊರು ಭಾರತೀಯರಿಗೆ ತೀರ ಅಪರಿಚಿತವೇನಲ್ಲ. ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಮುಂದೆ 'ಪ್ರೀಮಿಯರ್ ಪದ್ಮಿನಿ' ಎಂದು ಮನೆಮಾತಾದ ಫಿಯೆಟ್ ಕಾರಿನ ತವರೂ ಇದೇ. ಲಾನ್ಸಿಯಾ ಕಂಪನಿಯನ್ನು 1906ರಲ್ಲಿ ಕಟ್ಟಿದ ವಿನ್ಸೆಂಝೊ ಲಾನ್ಸಿಯಾ ಮೊದಲು ಫಿಯೆಟ್‌ನಲ್ಲಿದ್ದು, ಅದರ ಕಾರುಗಳನ್ನೇ ಪಂದ್ಯಗಳಲ್ಲಿ ಓಡಿಸಿದವನು. ಒಂದೇ ಊರಿನ ಈ ಎರಡು ಕಂಪನಿಗಳ ದಾರಿ ಮಾತ್ರ ಬೇರೆಯಾಯಿತು. ಫಿಯೆಟ್ ಸಾಮಾನ್ಯರ ಕಾರನ್ನು ಸಾವಿರಗಟ್ಟಲೆ ತಯಾರಿಸಿತು. ಲಾನ್ಸಿಯಾ ಲೆಕ್ಕಪತ್ರದ ಕಡೆ ಹೆಚ್ಚು ನೋಡದೆ ಹೊಸ ಹೊಸ ಯಾಂತ್ರಿಕ ಉಪಾಯಗಳ ಬೆನ್ನು ಹತ್ತಿತು. ಚೌಕಟ್ಟು ಮತ್ತು ಮೈ ಬೇರೆ ಬೇರೆಯಾಗಿರದೆ ಒಂದೇ ಆಗಿರುವ ಕಾರನ್ನು ಅದು 1922ರಷ್ಟು ಹಿಂದೆಯೇ 'ಲ್ಯಾಂಬ್ಡಾ' ಹೆಸರಿನಲ್ಲಿ ಹೊರತಂದಿತ್ತು.

ಎಂಜಿನ್ ಮುಂದೆ, ಗೇರು ಹಿಂದೆ

ವಿನ್ಸೆಂಝೊ 1937ರಲ್ಲಿ ತೀರಿಕೊಂಡ. ಯುದ್ಧ ಮುಗಿದ ಮೇಲೆ ಮಗ ಜಾನಿ ಲಾನ್ಸಿಯಾ ಕಂಪನಿಯ ಚುಕ್ಕಾಣಿ ಹಿಡಿದ. ಆಲ್ಫಾ ರೋಮಿಯೊದ ಹೆಸರಾಂತ ಪಂದ್ಯದ ಕಾರುಗಳನ್ನು ರೂಪಿಸಿ ಬಂದಿದ್ದ ವಿತ್ತೋರಿಯೊ ಯಾನೊ ಎಂಬ ಹಿರಿಯ ಎಂಜಿನಿಯರ್ ಅಲ್ಲಿದ್ದ. ಅವನ ಜೊತೆಗೆ ಫ್ರಾನ್ಚೆಸ್ಕೊ ದೆ ವಿರ್ಜಿಲಿಯೊ ಎಂಬ ಕಿರಿಯ ಎಂಜಿನಿಯರ್. ಆರು ಸಿಲಿಂಡರುಗಳನ್ನು ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ, ಮೂರು ಒಂದು ಕಡೆ, ಮೂರು ಇನ್ನೊಂದು ಕಡೆ ಜೋಡಿಸಿದರೆ ಎಂಜಿನ್ ಚಿಕ್ಕದಾಗುತ್ತದೆ. ಆದರೆ ಅದು ನಡುಗದಂತೆ ನೋಡಿಕೊಳ್ಳುವುದು ಕಷ್ಟ. ಆ ನಡುಕದ ಲೆಕ್ಕವನ್ನು ಬಿಡಿಸಿದವನು ದೆ ವಿರ್ಜಿಲಿಯೊ. ಹೀಗೆ ಸಾಲು ತಯಾರಿಕೆಗೆ ಬಂದ ಮೊದಲ ವಿ6 ಎಂಜಿನ್ 1950ರಲ್ಲಿ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಆರೇಲಿಯಾ ಸೆಡಾನಿನ ಮೂತಿಯೊಳಗೆ ಕುಳಿತು ಹೊರಬಂತು. ಇಂದು ಜಗತ್ತಿನ ಎಷ್ಟೋ ಕಂಪನಿಗಳ ಕಾರುಗಳಲ್ಲಿರುವ ವಿ6 ಎಂಜಿನ್ನುಗಳ ಹಿರಿಯಣ್ಣ ಅದು.

ಇನ್ನೊಂದು ಉಪಾಯವೂ ಅದರಲ್ಲಿತ್ತು. ಎಂಜಿನ್ ಮುಂದೆ ಇದ್ದರೂ ಕ್ಲಚ್ಚು ಮತ್ತು ಗೇರು ಪೆಟ್ಟಿಗೆಯನ್ನು ಹಿಂದಿನ ಚಕ್ರಗಳ ನಡುವೆ ಇಡಲಾಯಿತು. ತಲೆಹೊರೆಯನ್ನು ಎರಡು ಕೈಗೆ ಹಂಚಿದಂತೆ, ಕಾರಿನ ಭಾರ ಮುಂದಕ್ಕೂ ಹಿಂದಕ್ಕೂ ಹಂಚಿಹೋಯಿತು. ತಿರುವಿನಲ್ಲಿ ಕಾರು ನೆಲ ಹಿಡಿದು ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಮರುವರ್ಷ, 1951ರಲ್ಲಿ, ಇದೇ ಯಂತ್ರಾಂಗವನ್ನು ತುಸು ಬಲಪಡಿಸಿ, ಎರಡು ಬಾಗಿಲಿನ ನಯವಾದ ಮೈ ಹೊದಿಸಿ 'ಬಿ20 ಗ್ರಾನ್ ತುರಿಸ್ಮೊ' ಎಂದು ಹೆಸರಿಟ್ಟರು. ಮೈಯ ರೂಪದ ಶ್ರೇಯಸ್ಸು ಘಿಯಾ ಸಂಸ್ಥೆಯ ಮಾರಿಯೊ ಬೊಯಾನೊನಿಗೆ ಸಲ್ಲುತ್ತದೆ. ಅದನ್ನು ತಿದ್ದಿ ತೀಡಿ, ಬಹುಪಾಲು ಕಾರುಗಳನ್ನು ಕಟ್ಟಿಕೊಟ್ಟದ್ದು ಪಿನಿನ್ ಫರೀನಾ ಸಂಸ್ಥೆ. ಎಂಜಿನ್ನಿನ ಗಾತ್ರ ಮೊದಲು 1991 ಸಿಸಿ, ಶಕ್ತಿ 75 ಅಶ್ವಬಲ. ಇಂದಿನ ಸಣ್ಣ ಕಾರಿಗೂ ಅಷ್ಟಿರುತ್ತದೆ ಎನ್ನಬಹುದು. ಆದರೆ ಅದು ಮಾಡಿ ತೋರಿಸಿದ್ದು ನೋಡಿ. 1951ರ 'ಮಿಲೆ ಮಿಲ್ಯಾ' ಪಂದ್ಯ, ಅಂದರೆ ಬ್ರೆಶಾದಿಂದ ರೋಮಿಗೆ ಹೋಗಿ ಮರಳುವ ಸುಮಾರು 1,600 ಕಿಲೋಮೀಟರುಗಳ ಬಯಲು ರಸ್ತೆಯ ಓಟದಲ್ಲಿ, ಜೊವಾನಿ ಬ್ರಾಕೊ ಮತ್ತು ಉಂಬೆರ್ತೊ ಮಾಲ್ಯೋಲಿ ಓಡಿಸಿದ ಬಿ20 ಎರಡನೆಯ ಸ್ಥಾನ ಪಡೆಯಿತು. ಅದಕ್ಕಿಂತ ಮುಂದೆ ಇದ್ದದ್ದು ಒಂದೇ ಕಾರು, ಎರಡು ಪಟ್ಟು ದೊಡ್ಡ ಎಂಜಿನ್ನಿನ ಫೆರಾರಿ. 1952ರಲ್ಲಿ ಸಿಸಿಲಿಯ ಬೆಟ್ಟದ ದಾರಿಗಳಲ್ಲಿ ನಡೆದ ತಾರ್ಗಾ ಫ್ಲೋರಿಯೊ ಪಂದ್ಯದ ಮೊದಲ ಮೂರು ಸ್ಥಾನಗಳೂ ಲಾನ್ಸಿಯಾ ಪಾಲಾದವು. 1954ರಲ್ಲಿ ಲೂಯಿ ಶಿರೋನ್ ಇದೇ ಕಾರಿನಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ.

ಬಿ20 ಆರು ಸರಣಿಗಳಲ್ಲಿ 1958ರವರೆಗೆ ತಯಾರಾಯಿತು. 1953ರ ಮೂರನೆಯ ಸರಣಿಗೆ ಎಂಜಿನ್ 2451 ಸಿಸಿಗೆ ಬೆಳೆಯಿತು. 1954ರ ನಾಲ್ಕನೆಯ ಸರಣಿಯಲ್ಲಿ ಹಿಂದಿನ ಅಚ್ಚಿನ ವಿನ್ಯಾಸ ಬದಲಾಯಿತು. ಅಲ್ಲಿಯವರೆಗೆ ಇಟಲಿಯವರು ರಸ್ತೆಯ ಬಲಗಡೆ ಓಡಿಸಿದರೂ ಲಾನ್ಸಿಯಾದ ಸ್ಟಿಯರಿಂಗು ಭಾರತದ ಕಾರುಗಳಂತೆ ಬಲಗಡೆಯೇ ಇರುತ್ತಿತ್ತು. ಎಡಗಡೆಯ ಸ್ಟಿಯರಿಂಗು ಬೇಕೆಂದವರಿಗೆ ಅದು ಸಿಕ್ಕಿದ್ದು ಈ ನಾಲ್ಕನೆಯ ಸರಣಿಯಿಂದ. ಎಲ್ಲ ಸೇರಿ ತಯಾರಾದದ್ದು ನಾಲ್ಕು ಸಾವಿರಕ್ಕೂ ಕಡಿಮೆ.

ಕೀರ್ತಿ ಬಂತು, ಹಣ ಬರಲಿಲ್ಲ. ಜಾನಿ ಲಾನ್ಸಿಯಾ ಗ್ರಾನ್ ಪ್ರಿ ಪಂದ್ಯಗಳಿಗೆಂದು 'ಡಿ50' ಎಂಬ ಕಾರನ್ನು ಕಟ್ಟಲು ಹೋಗಿ ಕಂಪನಿಯ ಬೊಕ್ಕಸ ಬರಿದಾಯಿತು. 1955ರಲ್ಲಿ ಆ ಪಂದ್ಯದ ಕಾರುಗಳೆಲ್ಲ ಫೆರಾರಿಯ ಕೈ ಸೇರಿದವು. ಮರುವರ್ಷ ಫಾಂಜಿಯೊ ವಿಶ್ವ ಚಾಂಪಿಯನ್ ಆದದ್ದು ಅವುಗಳ ಬಲದಿಂದ. ಕಂಪನಿ ಲಾನ್ಸಿಯಾ ಕುಟುಂಬದ ಕೈತಪ್ಪಿತು. 1969ರಲ್ಲಿ ಅದನ್ನು ಕೊಂಡದ್ದು ಅದೇ ಊರಿನ ಫಿಯೆಟ್.

ಗುಜರಿಯಿಂದ ಗದ್ದುಗೆಗೆ

ಹತ್ತಿಪ್ಪತ್ತು ವರ್ಷ ಕಳೆದ ಕಾರು ಎಲ್ಲಿಯೂ ಬರಿಯ ಹಳೆಯ ಕಾರೇ. ಬಿ20ಗೂ ಆ ಗತಿ ತಪ್ಪಲಿಲ್ಲ. ಚೌಕಟ್ಟು ಮತ್ತು ಮೈ ಒಂದೇ ಆಗಿದ್ದರಿಂದ ನೆಲದ ತಗಡಿಗೆ ತುಕ್ಕು ಹಿಡಿದರೆ ಅದು ಕಾರಿನ ಬೆನ್ನೆಲುಬಿಗೇ ಹಿಡಿದಂತೆ. ದುರಸ್ತಿಗೆ ತಗಲುವ ಖರ್ಚು ಕಾರಿನ ಬೆಲೆಯನ್ನು ಮೀರಿದಾಗ ಮಾಲೀಕರು ಕೈಗೆ ಸಿಕ್ಕಿದ್ದನ್ನು ಜೋಡಿಸಿ ಓಡಿಸಿದರು, ಇಲ್ಲವೆ ಮೂಲೆಗೆ ತಳ್ಳಿದರು.

ಬೆಲೆ ಏರಿದ ಮೇಲೆ ಅದೇ ಮೂಲೆಯಿಂದ ಕಾರನ್ನು ಹೊರಗೆಳೆದು ಜೀರ್ಣೋದ್ಧಾರಕ್ಕೆ ಹಚ್ಚುತ್ತಾರೆ. ಆ ಕೆಲಸ ಸುಲಭದ್ದಲ್ಲ. ಮೊದಲು ಕಾರನ್ನು ಕೊನೆಯ ತಿರುಪಿನವರೆಗೂ ಬಿಚ್ಚಿ, ಒಂದೊಂದಕ್ಕೂ ಚೀಟಿ ಕಟ್ಟಿ ಇಡಬೇಕು. ಬಣ್ಣ ತೆಗೆದಾಗ ಹಿಂದಿನವರ ಪಾಪವೆಲ್ಲ ಬಯಲಾಗುತ್ತದೆ: ಅಪಘಾತದ ಗುಳಿಗೆ ತುಂಬಿದ ಮೆತ್ತು, ತುಕ್ಕಿನ ಮೇಲೆ ಬೆಸೆದ ತೇಪೆ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಅದೇ ಬಾಗಿಗೆ ಸುತ್ತಿಗೆಯಿಂದ ತಟ್ಟಿ ಕೂಡಿಸಬೇಕು. ಆ ಕಾಲದ ಇಟಲಿಯ ಮೈಕಟ್ಟುವ ಕಾರ್ಖಾನೆಗಳಲ್ಲಿ ಕೈಗೆಲಸವೇ ಹೆಚ್ಚು. ಕಾರಿನ ಎಡಬದಿ ಬಲಬದಿಗಳಲ್ಲೇ ಸಣ್ಣ ವ್ಯತ್ಯಾಸ ಇರುತ್ತದೆ. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಇಂಥ ಕೆಲಸಕ್ಕೆ ಮೆಕ್ಯಾನಿಕ್ ಒಬ್ಬನೇ ಸಾಲದು. ಕಮ್ಮಾರ, ಬೆಸುಗೆಯವ, ಚರ್ಮದ ಕೆಲಸದವ, ಬಣ್ಣಗಾರ ಎಲ್ಲರೂ ಬೇಕು. ಎರಡು ಮೂರು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಇಲ್ಲಿಯೇ ತೊಡಕೂ ಆರಂಭವಾಗುತ್ತದೆ. ಒಂದು ಉದಾಹರಣೆ ನೋಡಿ. ಬಿ20ಯ ಗೇರು ಕೋಲು ಮೂಲದಲ್ಲಿ ಸ್ಟಿಯರಿಂಗಿನ ಪಕ್ಕದಲ್ಲಿತ್ತು. ಅದು ಹಿಡಿಸದ ಅನೇಕರು ಆ ಕಾಲದಲ್ಲೇ ಟ್ಯೂರಿನ್ನಿನ ನಾರ್ದಿ ಸಂಸ್ಥೆ ತಯಾರಿಸುತ್ತಿದ್ದ ಉಪಕರಣ ಕೊಂಡು, ಗೇರು ಕೋಲನ್ನು ನೆಲಕ್ಕೆ ಇಳಿಸಿಕೊಂಡರು. ಇಂದು ಅಂಥ ಕಾರನ್ನು ಜೀರ್ಣೋದ್ಧಾರ ಮಾಡುವವನು ಏನು ಮಾಡಬೇಕು? ಕಾರ್ಖಾನೆಯಿಂದ ಬಂದ ರೂಪವೇ ಸತ್ಯ ಎಂದರೆ ನಾರ್ದಿ ಕೋಲನ್ನು ಕಿತ್ತುಹಾಕಬೇಕು. ಮೊದಲ ಮಾಲೀಕ ತನ್ನ ಇಷ್ಟದಂತೆ ಬದಲಿಸಿಕೊಂಡದ್ದೂ ಆ ಕಾರಿನ ಬಾಳಿನ ಒಂದು ಭಾಗ ಎಂದರೆ ಉಳಿಸಬೇಕು. ಎರಡಕ್ಕೂ ನ್ಯಾಯವಿದೆ. ಆದರೆ ಹೊಸದಾಗಿ ತಯಾರಿಸಿದ ನಾರ್ದಿ ಮಾದರಿಯ ಕೋಲನ್ನು ಈಗ ಹಾಕಿ, ಮೊದಲಿನಿಂದಲೂ ಇತ್ತೆಂದು ಹೇಳಿ ಮಾರುವುದಕ್ಕೆ ಮಾತ್ರ ನ್ಯಾಯವಿಲ್ಲ.

ಧೂಳಿಗೂ ಬೆಲೆ ಬಂದ ದಿನ

ಬಹಳ ಕಾಲ ಹಳೆಯ ಕಾರುಗಳ ಲೋಕದಲ್ಲಿ ಹೊಳಪಿನದೇ ರಾಜ್ಯಭಾರ. ಸೌಂದರ್ಯ ಸ್ಪರ್ಧೆಗಳಲ್ಲಿ ಬಹುಮಾನ ಬೇಕೆಂದರೆ ಕಾರು ಕಾರ್ಖಾನೆಯಿಂದ ಬಂದದ್ದಕ್ಕಿಂತ ಚೆನ್ನಾಗಿರಬೇಕಿತ್ತು. ಎಂಜಿನ್ನಿನ ತಳಭಾಗಕ್ಕೂ ಕನ್ನಡಿಯಂಥ ಮೆರುಗು ಕೊಡುತ್ತಿದ್ದರು. ಹಾಗೆ ಮಾಡುವಾಗ ಮೂಲದ ಬಣ್ಣ, ಮೂಲದ ಚರ್ಮ, ಕೆಲಸಗಾರ ಬಾಗಿಲಿನ ಒಳಗಡೆ ಪೆನ್ಸಿಲಿನಲ್ಲಿ ಬರೆದ ಗುರುತು, ಎಲ್ಲವೂ ಕಸದ ಬುಟ್ಟಿ ಸೇರಿದವು.

ಗಾಳಿ ನಿಧಾನವಾಗಿ ತಿರುಗಿತು. 2015ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ನಡೆದ ಒಂದು ಹರಾಜು ಅದಕ್ಕೆ ಸಾಕ್ಷಿ. ಫ್ರಾನ್ಸಿನ ಸಾರಿಗೆ ಉದ್ಯಮಿಯೊಬ್ಬರು ಕೂಡಿಟ್ಟು, ದಶಕಗಳ ಕಾಲ ಮರೆತುಹೋಗಿದ್ದ ಹಳೆಯ ಕಾರುಗಳ ರಾಶಿ ಅಂದು ಮಾರಾಟಕ್ಕೆ ಬಂತು. ಅದರಲ್ಲೊಂದು 1961ರ ಫೆರಾರಿ, ನಟ ಅಲೆನ್ ಡೆಲೋನ್ ಕುಳಿತ ಫೋಟೋಗಳಿರುವ ತೆರೆದ ಕಾರು. ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಅದು ಹುದುಗಿತ್ತು. ಹರಾಜು ಮಾಡಿದವರು ಅದನ್ನು ತೊಳೆಯಲೂ ಇಲ್ಲ, ಧೂಳಿನ ಸಮೇತ ವೇದಿಕೆಗೆ ತಂದರು. ಅದು ಸುಮಾರು 1 ಕೋಟಿ 63 ಲಕ್ಷ ಯೂರೊಗಳಿಗೆ ಹೋಯಿತು. ಯಾರೂ ಮುಟ್ಟಿಲ್ಲ ಎಂಬುದಕ್ಕೆ ಆ ಧೂಳೇ ಪ್ರಮಾಣಪತ್ರ.

ಹಣ ಹೆಚ್ಚಿದಲ್ಲಿ ಆಸೆಯೂ ಹೆಚ್ಚುತ್ತದೆ. ಫೆರಾರಿ '250 ಜಿಟಿಒ' ಎಂಬ ಕಾರು 1962ರಿಂದ 1964ರವರೆಗೆ ತಯಾರಾದದ್ದು ಕೇವಲ 36. ಅವುಗಳಲ್ಲೊಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ಕಾಲದ, ಅದೇ ಮನೆತನದ ಎಂಜಿನ್ ಇದ್ದ '250 ಜಿಟಿಇ' ಎಂಬ ಕುಟುಂಬದ ಕಾರು ಸುಮಾರು 950 ತಯಾರಾಗಿದ್ದವು. ಬೆಲೆ ಕಡಿಮೆ ಇದ್ದ ಕಾಲದಲ್ಲಿ ಅವುಗಳಲ್ಲಿ ಎಷ್ಟನ್ನೋ ಬಿಚ್ಚಿ, ಎಂಜಿನ್ ಕಿತ್ತು, ಚೌಕಟ್ಟು ಕತ್ತರಿಸಿ, ಜಿಟಿಒ ನಕಲುಗಳನ್ನು ಮಾಡಿದರು. ಅಂದರೆ ನಕಲಿ ರಾಜಕುಮಾರನಿಗಾಗಿ ಅಸಲಿ ಮನೆಮಗನನ್ನು ಬಲಿಕೊಟ್ಟಂತೆ. ಕತ್ತರಿಸಿದ ಕಾರು ಮತ್ತೆ ಹುಟ್ಟುವುದಿಲ್ಲ.

ಟ್ಯೂರಿನ್ನಿನ ಹೆಸರಲ್ಲೇ ಒಂದು ಸನ್ನದು

ಹಳೆಯ ವಸ್ತುವನ್ನು ಎಲ್ಲಿಯವರೆಗೆ ಸರಿಪಡಿಸಬಹುದು ಎಂಬ ಪ್ರಶ್ನೆ ಕಾರಿಗಿಂತ ಬಹಳ ಹಳೆಯದು. ಕಟ್ಟಡಗಳ ಬಗ್ಗೆ ಈ ಚರ್ಚೆ 1964ರಲ್ಲೇ ನಡೆದು 'ವೆನಿಸ್ ಸನ್ನದು' ಎಂಬ ದಾಖಲೆ ಹೊರಬಂದಿತ್ತು. ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಅದರ ತಿರುಳು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ 'ಫೀವಾ' ಅದೇ ಜಾಡಿನಲ್ಲಿ 2012-13ರಲ್ಲಿ ವಾಹನಗಳಿಗೊಂದು ಸನ್ನದು ರೂಪಿಸಿತು. ಅದಕ್ಕಿಟ್ಟ ಹೆಸರು 'ಟ್ಯೂರಿನ್ ಸನ್ನದು'. ಆರೇಲಿಯಾ ಹುಟ್ಟಿದ ಊರಿನ ಹೆಸರು.

ಆ ಸನ್ನದಿನ ಮಾತು ಸಾಮಾನ್ಯ ವಿವೇಕದ ಮಾತು. ಇದ್ದದ್ದನ್ನು ಇದ್ದಂತೆ ಕಾಪಾಡುವುದು ಮೊದಲು. ಸಾಧ್ಯವಿಲ್ಲದಾಗ ಮಾತ್ರ ಹೊಸ ಭಾಗ. ಹೊಸದಾಗಿ ಮಾಡಿ ಹಾಕಿದ ಭಾಗಕ್ಕೆ ಗುರುತು ಇರಬೇಕು. ಮಾಡಿದ ಕೆಲಸವೆಲ್ಲ ದಾಖಲೆಯಾಗಬೇಕು. ಸಾರಾಂಶದಲ್ಲಿ, ಜೀರ್ಣೋದ್ಧಾರವೆಂದರೆ ಹಳೆಯದರ ಮೇಲೆ ಪರದೆ ಎಳೆಯುವುದಲ್ಲ. ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತೆಂಬುದನ್ನು ಮುಂದಿನವರು ಓದಬಲ್ಲಂತೆ ಬಿಟ್ಟುಹೋಗುವುದು.

ಇಟಲಿಯ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2004ರ ಸಾಂಸ್ಕೃತಿಕ ಪರಂಪರೆಯ ಸಂಹಿತೆಯು ಚಿತ್ರ, ಶಿಲ್ಪ, ಹಸ್ತಪ್ರತಿಗಳ ಪಟ್ಟಿಯಲ್ಲಿ 75 ವರ್ಷ ಮೀರಿದ ವಾಹನಗಳನ್ನೂ ಸೇರಿಸಿತು. 1951ರಲ್ಲಿ ತಯಾರಾದ ಮೊದಲ ಬಿ20ಗಳಿಗೆ ಆ ವಯಸ್ಸು ತುಂಬುವ ವರ್ಷ 2026.

ಇತ್ತ ಭಾರತದಲ್ಲಿ

ಈ ಚರ್ಚೆ ಭಾರತದ ಬಾಗಿಲಿಗೂ ಬಂದಿದೆ. ಬಿ20ಯ ಮೈ ಕಟ್ಟಿದ ಪಿನಿನ್ ಫರೀನಾ ಸಂಸ್ಥೆಯನ್ನೇ ತೆಗೆದುಕೊಳ್ಳಿ. ಅದರ ಸ್ಥಾಪಕ ಬತ್ತಿಸ್ತಾ ಫರೀನಾನಿಗೆ ಮನೆಯಲ್ಲಿ 'ಪಿನಿನ್', ಅಂದರೆ ಚಿಕ್ಕವ, ಎಂದು ಅಡ್ಡಹೆಸರು. 1961ರಲ್ಲಿ ಅಡ್ಡಹೆಸರೂ ಮನೆತನದ ಹೆಸರೂ ಕೂಡಿ 'ಪಿನಿನ್‌ಫರೀನಾ' ಎಂದು ಅಧಿಕೃತವಾಯಿತು. ಈ ಸಂಸ್ಥೆಯ ಬಹುಪಾಲು ಷೇರುಗಳನ್ನು ಕೊಳ್ಳುವ ಒಪ್ಪಂದಕ್ಕೆ 2015ರ ಡಿಸೆಂಬರಿನಲ್ಲಿ ಸಹಿ ಹಾಕಿದ್ದು ಭಾರತದ ಮಹೀಂದ್ರ ಸಮೂಹ.

ಕೇಂದ್ರ ಸರ್ಕಾರವೂ 2021ರ ಜುಲೈಯಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ, ಚತುಷ್ಚಕ್ರ ವಾಹನಗಳಿಗೆ ಇದು ಅನ್ವಯ. ಅವುಗಳ ಸಂಖ್ಯಾ ಫಲಕದಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ಅವು ರಸ್ತೆಗಿಳಿಯಬಹುದು. ಮುಖ್ಯವಾದ ಷರತ್ತು ಬೇರೊಂದಿದೆ. ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಟ್ಯೂರಿನ್ನಿನಲ್ಲಿ ತಜ್ಞರು ಚರ್ಚಿಸಿದ ಪ್ರಶ್ನೆಯೇ ಇಲ್ಲಿ ಸಾರಿಗೆ ಇಲಾಖೆಯ ಅರ್ಜಿಯ ರೂಪದಲ್ಲಿ ಬಂದಿದೆ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರಬಹುದು. ಕಾರನ್ನು ನೋಡುವಾಗ ಮಕ್ಕಳು ಹೊಳಪನ್ನು ನೋಡುತ್ತಾರೆ. ದೊಡ್ಡವರು ಸವೆತವನ್ನೂ ನೋಡಲು ಕಲಿಯಬೇಕು. ಪೆಡಲಿನ ಅಂಚು ಸವೆದಿರುವುದು, ಸ್ಟಿಯರಿಂಗಿನ ಮೇಲೆ ಒಂದು ಜಾಗ ನುಣುಪಾಗಿರುವುದು, ಇವೆಲ್ಲ ಯಾರೋ ಒಬ್ಬರು ಆ ಕಾರಿನೊಂದಿಗೆ ಬಾಳಿದ ಗುರುತುಗಳು. ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಶಿಲ್ಪದ ಕಲ್ಲಿಗೆ ಎಣ್ಣೆ ಬಣ್ಣ ಬಳಿದು 'ಜೀರ್ಣೋದ್ಧಾರ' ಎಂದು ಫಲಕ ಹಾಕಿದ ಗುಡಿಗಳನ್ನು ನೋಡಿದವರಿಗೆ, ಕೆಡದಿದ್ದುದನ್ನೂ ಕೆಡಿಸುವ ಉತ್ಸಾಹ ಎಂಥದೆಂಬುದು ಗೊತ್ತು.

ಕೊಳ್ಳುವವನು ಕೇಳಬೇಕಾದದ್ದು

ಈಗ ಮೊದಲ ಪ್ರಶ್ನೆಗೆ ಮರಳಬಹುದು. ಮಾರಾಟಕ್ಕಿರುವ ಆರೇಲಿಯಾದ ಮುಂದೆ ನಿಂತ ಜಾಣ ಗಿರಾಕಿ ಮೊದಲು ಬಣ್ಣವನ್ನು ನೋಡುವುದಿಲ್ಲ. ಚಾಸಿಯ ಸಂಖ್ಯೆ ನೋಡುತ್ತಾನೆ, ಎಂಜಿನ್ನಿನ ಸಂಖ್ಯೆ ನೋಡುತ್ತಾನೆ. ಇವೆರಡೂ ಒಟ್ಟಿಗೆ ಕಾರ್ಖಾನೆ ಬಿಟ್ಟವೇ, ಅಥವಾ ಸೆಡಾನಿನ ಎಂಜಿನ್ ನಂತರ ಬಂದು ಸೇರಿತೇ ಎಂದು ಹಳೆಯ ದಾಖಲೆಗಳೊಡನೆ ತಾಳೆ ನೋಡುತ್ತಾನೆ. ಯಾವ ಸರಣಿಯದು, ಆ ಸರಣಿಗೆ ಸಲ್ಲದ ಭಾಗ ಯಾವುದು ಎಂದು ಕೇಳುತ್ತಾನೆ. ಬಣ್ಣ ಬಳಿಯುವ ಮುಂಚಿನ ಬರಿ ತಗಡಿನ ಫೋಟೋ ಇದೆಯೇ ಎಂದು ವಿಚಾರಿಸುತ್ತಾನೆ. ಯಾವ ಭಾಗ ಹೊಸದು ಎಂದು ಮಾರುವವನು ತಾನಾಗಿ ಹೇಳಿದರೆ ಅವನ ಬೆಲೆಗೆ ಬೆಲೆ ಬರುತ್ತದೆ. 'ಎಲ್ಲವೂ ಮೂಲದ್ದೇ' ಎಂಬ ಉತ್ತರ ಬಂದರೆ ಎಚ್ಚರ ವಹಿಸುವುದು ಒಳ್ಳೆಯದು. ಎಪ್ಪತ್ತು ವರ್ಷ ಬಾಳಿದ ಯಾವ ಯಂತ್ರದಲ್ಲೂ ಎಲ್ಲವೂ ಮೂಲದ್ದಾಗಿ ಉಳಿದಿರುವುದು ಅಪರೂಪ.

ಇನ್ನೊಂದು ಮಾತೂ ಇದೆ. ಮಿಲೆ ಮಿಲ್ಯಾ ಪಂದ್ಯ 1957ರ ಭೀಕರ ಅಪಘಾತದ ನಂತರ ನಿಂತುಹೋಯಿತು. 1977ರಿಂದ ಅದೇ ಹೆಸರಿನಲ್ಲಿ ಹಳೆಯ ಕಾರುಗಳ ಓಟ ನಡೆಯುತ್ತಿದೆ. ಇಲ್ಲಿ ವೇಗಕ್ಕಿಂತ ಹೇಳಿದ ಸಮಯಕ್ಕೆ ಸರಿಯಾಗಿ ತಲುಪುವುದು ಮುಖ್ಯ. 1927ರಿಂದ 1957ರವರೆಗಿನ ಮೂಲ ಪಂದ್ಯದಲ್ಲಿ ಓಡಿದ ಮಾದರಿಗಳಿಗೆ ಮಾತ್ರ ಪ್ರವೇಶ. ಬ್ರಾಕೊನ ಎರಡನೆಯ ಸ್ಥಾನದ ಪುಣ್ಯದಿಂದ ಬಿ20ಗೆ ಆ ಬಾಗಿಲು ತೆರೆದೇ ಇದೆ. ಹೀಗಾಗಿ ಅದನ್ನು ಕೊಂಡವರಲ್ಲಿ ಅನೇಕರು ಗಾಜಿನ ಮನೆಯಲ್ಲಿಡದೆ ಬೆಟ್ಟದ ದಾರಿಗೆ ಒಯ್ಯುತ್ತಾರೆ. ಓಡಿದ ಮೇಲೆ ಬಿಡಿಭಾಗ ಸವೆಯುತ್ತದೆ, ಬದಲಾಗುತ್ತದೆ. ಹಿಡಿ ಒಮ್ಮೆ, ಅಲಗು ಒಮ್ಮೆ ಬದಲಾದರೂ ರೈತನ ಮನೆಯ ಕೊಡಲಿ 'ಅಜ್ಜನ ಕೊಡಲಿ'ಯಾಗಿಯೇ ಇರುವುದುಂಟು. ಏಕೆಂದರೆ ಯಾವುದು ಯಾವಾಗ ಬದಲಾಯಿತೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಅದೇ ಕೊಡಲಿಯನ್ನು ಸಂತೆಗೆ ಒಯ್ದು, ಹಿಡಿಗೆ ಮಸಿ ಬಳಿದು, ನೂರು ವರ್ಷದ್ದೆಂದು ಮಾರಿದರೆ ಅದು ಮೋಸ.

ಹಳೆಯ ಕಾರಿನ ಮಾರಾಟದಲ್ಲಿ ಹೊಳಪು ಹೊಸದಾಗಿ ಸಿಗುತ್ತದೆ, ತಗಡೂ ಹೊಸದಾಗಿ ಸಿಗುತ್ತದೆ. ದುಡ್ಡಿದ್ದರೆ ಎಂಜಿನ್ನನ್ನೂ ಎರಕ ಹೊಯ್ಯಿಸಬಹುದು. ಹೊಸದಾಗಿ ಮಾಡಲು ಬಾರದ್ದು ಆ ಕಾರು ಸವೆಸಿದ ದಾರಿ ಮಾತ್ರ. ಜೀರ್ಣೋದ್ಧಾರ ಮಾಡಿದವರು ಪ್ರಾಮಾಣಿಕವಾಗಿ ಬರೆದಿಟ್ಟ ಕಡತವೇ ಆ ದಾರಿಯ ನಕ್ಷೆ. ಕಡತ ಸುಳ್ಳಾದರೆ ಉಳಿಯುವುದು ಚೆಂದದ ಒಂದು ಹೊಸ ಕಾರು, ಅಷ್ಟೆ.